ಏಳು ತಂತಿಯ ನಾದ

ಮೊನ್ನೆ ಪುತ್ತೂರಿನ ನಮ್ಮ ಮನೆಗೆ ಬಂದಿದ್ದ ಸುಳ್ಯದ ವಿದ್ಯಾರ್ಥಿಯೊಬ್ಬ ತನ್ನ ಎಲೆಕ್ಟ್ರಿಕ್ ಪಿಟೀಲನ್ನು ಆಂಪ್ಲಿಫೈಯರಿಗೆ ಜೋಡಿಸಿ ಪೆಡಲನ್ನು ಮೆಟ್ಟಿದೊಡನೆ ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಮೊಳಗಿತು. ಪಿಟೀಲು ಚೌಡಯ್ಯನವರ ಹಳೆಯ ಧ್ವನಿಮುದ್ರಿಕೆಗಳ ನಾದವನ್ನು ಮರಳಿ ಪಡೆಯಬೇಕೆಂಬುದು ಅವನ ಹಟ. ಆ ನಾದ ಹುಟ್ಟಿದ ಬಗೆಯನ್ನು ಅವನಿಗೆ ಹೇಳಿದೆನು.

1895ರಲ್ಲಿ ಕಾವೇರಿ-ಕಪಿಲೆಯರ ಸಂಗಮಕ್ಷೇತ್ರವಾದ ತಿರುಮಕೂಡಲಿನಲ್ಲಿ ಜನಿಸಿದ ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಕಠಿಣ ಶಿಕ್ಷಣದಲ್ಲಿ ಪಳಗಿದವರು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿಗೆ ಪಿಟೀಲಿನ ದನಿ ಮುಟ್ಟುವುದು ದುಸ್ತರವಾಗಿತ್ತು. ಈ ಕೊರತೆಯನ್ನು ನೀಗಲೆಂದೇ ಅವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಜೊತೆಗೂಡಿಸಿದರು. ಪೆಡಲಾದರೋ ಎರಡನೆಯ ಸ್ವರವನ್ನು ಮೊದಲನೆಯದರಿಂದಲೇ ಪಡೆಯುತ್ತದೆ, ಅವೆರಡಕ್ಕೂ ಮನಸ್ತಾಪವಿಲ್ಲ. ಚೌಡಯ್ಯನವರ ಜೋಡಿತಂತಿಗಳು ಬೇರೆಬೇರೆ. ಒಂದೇ ಬೆರಳು ಎರಡನ್ನೂ ಒತ್ತಬೇಕು, ಒಂದೇ ಕಮಾನು ಎರಡನ್ನೂ ನುಡಿಸಬೇಕು. ಶ್ರುತಿ ಕೂದಲೆಳೆಯಷ್ಟು ಜಾರಿದರೂ ತಪ್ಪು ಇಮ್ಮಡಿಯಾಗಿ ಕೇಳುವುದು. ಆ ಅಪಾಯವನ್ನು ಅವರು ಜೀವಮಾನವೆಲ್ಲ ಹೊತ್ತರು. ಮದರಾಸಿನ ಸಂಗೀತ ಅಕಾಡೆಮಿ 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. 1967ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೊಂದು ಅವರ ಹೆಸರನ್ನು ಹೊತ್ತು ನಿಂತಿದೆ.

ಹುಡುಗ ಪೆಡಲನ್ನೇನೂ ಬಿಡಲಿಲ್ಲ. ಆದರೆ ಮತ್ತೆ ನುಡಿಸುವ ಮುನ್ನ ಬಹಳ ಹೊತ್ತು ಶ್ರುತಿ ಮಾಡಿಕೊಂಡನು.