ಅಣುವಿಜ್ಞಾನಿ ಡಾ. ರಾಜಾ ರಾಮಣ್ಣ

ಈ ಸಲದ ಗೋಡೆ ಪತ್ರಿಕೆಗೆ ನಾನು ನಮ್ಮ ಕರ್ನಾಟಕದ ವಿಜ್ಞಾನಿ ಡಾ. ರಾಜಾ ರಾಮಣ್ಣ ಅವರನ್ನು ಆರಿಸಿಕೊಂಡೆ. ಯಾಕಂತ ಕೊನೆಗೆ ಹೇಳ್ತೀನಿ.

ರಾಮಣ್ಣನವರು 1925ರ ಜನವರಿ 28ರಂದು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದರು. ಬೆಂಗಳೂರು, ಮದ್ರಾಸಿನಲ್ಲಿ ಓದಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದರು. ಪಿಯಾನೊ ಬಾರಿಸುವುದೆಂದರೆ ಅವರಿಗೆ ಪ್ರಾಣ. 1949ರಲ್ಲಿ ಮುಂಬೈಗೆ ಬಂದು ಹೋಮಿ ಭಾಭಾ ಅವರ ಸಂಶೋಧನಾ ಸಂಸ್ಥೆ ಸೇರಿದರು. ಅಲ್ಲಿ ಅವರು ಅಭ್ಯಾಸ ಮಾಡಿದ ವಿಷಯ ಬೈಜಿಕ ವಿದಳನ.

ವಿದಳನ ಅಂದ್ರ ಒಡೆಯುವುದು. ಯುರೇನಿಯಂ-235 ಪರಮಾಣುವಿನ ನಡುವೆ ಇರುವ ಬೀಜಕ್ಕೆ ಒಂದು ನ್ಯೂಟ್ರಾನ್ ಬಡಿದರೆ ಅದು ಎರಡು ಹೋಳಾಗುತ್ತದೆ. ಬಹಳ ಶಕ್ತಿ ಹೊರಬರುತ್ತದೆ. ಜೊತೆಗೆ ಎರಡು ಮೂರು ಹೊಸ ನ್ಯೂಟ್ರಾನುಗಳು ಹಾರಿ ಬೇರೆ ಬೀಜಗಳನ್ನು ಒಡೆಯುತ್ತವೆ. 1 ಇದ್ದದ್ದು 2, 4, 8, 16 ಆಗುತ್ತ ಹೋಗುತ್ತದೆ. ಇದೇ ಸರಪಳಿ ಕ್ರಿಯೆ. ತಡೆಯದೆ ಬಿಟ್ಟರೆ ಬಾಂಬು. 1945ರಲ್ಲಿ ಹಿರೋಶಿಮಾ ಸುಟ್ಟದ್ದು ಹೀಗೆ. ಆದರೆ ನ್ಯೂಟ್ರಾನ್ ಹೀರುವ ಕ್ಯಾಡ್ಮಿಯಂ ಇಲ್ಲವೇ ಬೋರಾನ್ ಸರಳುಗಳನ್ನು ನಡುವೆ ಇಳಿಸಿದರೆ, ಒಂದು ಒಡೆದಾಗ ಮುಂದೆ ಒಂದೇ ಒಡೆಯುವಂತೆ ಹತೋಟಿಯಲ್ಲಿ ಇಡಬಹುದು. ಆ ಕಾವಿನಿಂದ ನೀರನ್ನು ಉಗಿ ಮಾಡಿ ಕರೆಂಟ್ ತೆಗೀತಾರೆ. ಕಾರವಾರ ತಾಲೂಕಿನ ಕೈಗಾದಲ್ಲಿ ಇಂಥ ನಾಲ್ಕು ರಿಯಾಕ್ಟರುಗಳು ಇವೆ. ಒಂದೊಂದೂ 220 ಮೆಗಾವ್ಯಾಟ್.

ನಮ್ಮ ದೇಶದ ಮೊದಲ ರಿಯಾಕ್ಟರ್ ಅಪ್ಸರಾ. 1956ರ ಆಗಸ್ಟ್ 4ರಂದು ಮುಂಬೈ ಹತ್ತಿರದ ಟ್ರಾಂಬೆಯಲ್ಲಿ ಚಾಲೂ ಆಯಿತು. ಅದಕ್ಕೆ ದುಡಿದವರಲ್ಲಿ ರಾಮಣ್ಣನವರೂ ಒಬ್ಬರು. 1974ರ ಮೇ 18ರಂದು ರಾಜಸ್ಥಾನದ ಪೋಖ್ರಾನಿನಲ್ಲಿ ಮಾಡಿದ ಅಣುಸ್ಫೋಟದ ಮುಂದಾಳೂ ಅವರೇ. ಅದು ಶಾಂತಿಗಾಗಿ ಮಾಡಿದ್ದು ಎಂದು ಸರ್ಕಾರ ಸಾರಿತು. 1990ರಲ್ಲಿ ಅವರು ಕೇಂದ್ರದಲ್ಲಿ ರಕ್ಷಣಾ ಖಾತೆಯ ರಾಜ್ಯ ಮಂತ್ರಿಯಾದರು. 2004ರ ಸೆಪ್ಟೆಂಬರ್ 24ರಂದು ಮುಂಬೈಯಲ್ಲಿ ತೀರಿಕೊಂಡರು. ಆಗ ನಾನು ಹುಟ್ಟಿರಲೇ ಇಲ್ಲ.

ಈಗ ಕಾರಣ ಹೇಳ್ತೀನಿ. ಹೋದ ಬ್ಯಾಸಗಿಯಲ್ಲಿ ಬಾಜೂ ಹೊಲದಾಗ ಕಬ್ಬಿನ ರವದಿಗೆ ಬೆಂಕಿ ಹಚ್ಚಿದ್ದರು. ಗಾಳಿ ಎದ್ದಿತು. ಬೆಂಕಿ ಬದು ದಾಟಿ ನಮ್ಮ ಕಬ್ಬಿಗೆ ಹತ್ತಿತು. ನಾನು, ಅವ್ವ, ಅಕ್ಕ ಕೊಡದಲ್ಲಿ ನೀರು ಹೊತ್ತು ಸುರಿದರೂ ನಿಲ್ಲಲಿಲ್ಲ. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ಅದೇ ಬೆಂಕಿ ಬೆಲ್ಲದ ಗಾಣದ ಒಲೆಯಲ್ಲಿ ಇದ್ದಾಗ ಕಾಕಾ ಅಳತೆ ನೋಡಿ ಉರಿ ಹಾಕ್ತಾರೆ, ಕೊಪ್ಪರಿಗೆಯಲ್ಲಿ ಬೆಲ್ಲ ಆಗ್ತದ.

ವಿದಳನ ಅಂದರೆ ಬೆಂಕಿ ಉರಿಯುವುದಲ್ಲ, ಅದು ಬೇರೆ. ಆದರೂ ಸರಪಳಿ ಕ್ರಿಯೆ ಓದುವಾಗ ನನಗೆ ಆ ದಿನ ನೆನಪಾಯಿತು. ರಾಮಣ್ಣನವರು ಎರಡನ್ನೂ ಮಾಡಿದವರು. ಪೋಖ್ರಾನಿನಿಂದ ದೇಶಕ್ಕೆ ಬಲ ಬಂತು ಅಂತ ಎಲ್ಲರೂ ಹೆಮ್ಮೆ ಪಡ್ತಾರೆ, ನನಗೂ ಹೆಮ್ಮೆ ಇದೆ. ಆದರೆ ಹೊಲ ಸುಟ್ಟದ್ದನ್ನು ಕಣ್ಣಾರೆ ನೋಡಿದ ನನಗೆ ಅಪ್ಸರಾನೇ ಹೆಚ್ಚು ಸೇರ್ತದ.

– ಏಳನೇ ತರಗತಿ, ಮುಗಳಖೋಡ