ಮಾತಿಲ್ಲದ ಮಹಾನಟ

ಮೂಕಚಿತ್ರಗಳೆಂದರೆ ನನಗೆ ಪ್ರಾಣ. ಅವುಗಳಲ್ಲಿ ಚಾರ್ಲಿ ಚಾಪ್ಲಿನ್ನನ ಚಿತ್ರಗಳಿಗೇ ಅಗ್ರಪೂಜೆ. 1889ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಈತನು ಏಳನೆಯ ವಯಸ್ಸಿನಲ್ಲೇ ಲಂಡನ್ನಿನ ನಿರ್ಗತಿಕರ ದುಡಿಮೆಯ ಮನೆಯನ್ನು ಸೇರಬೇಕಾಯಿತು. ತಂದೆ ಕುಡಿತಕ್ಕೆ ಬಲಿಯಾದನು. ತಾಯಿ ಬುದ್ಧಿಭ್ರಮಣೆಗೆ ಒಳಗಾದಳು.

1914ರಲ್ಲಿ ಅಮೆರಿಕದ ಚಿತ್ರಗಳಲ್ಲಿ ದೊಗಲೆ ಷರಾಯಿ, ಬಿಗಿ ಕೋಟು, ಬೆತ್ತಗಳ ಅಲೆಮಾರಿಯಾಗಿ ಬಂದು ಲೋಕವನ್ನೇ ನಗಿಸಿದನು. ಆ ನಗೆಯೊಳಗೆ ಹಸಿದವನ ಅಳಲಿತ್ತು. ವಾಕ್ಚಿತ್ರಗಳ ಭರಾಟೆಯಲ್ಲೂ 1931ರಲ್ಲಿ ‘ಸಿಟಿ ಲೈಟ್ಸ್’ ಚಿತ್ರವನ್ನು ಮಾತಿಲ್ಲದೆಯೇ ತೆಗೆದನು. ಕುರುಡು ನೀಗಿದ ಹೂವಾಡಗಿತ್ತಿಯು ತನ್ನ ಉಪಕಾರಿಯನ್ನು ಕೈಯ ಸ್ಪರ್ಶದಿಂದಲೇ ಗುರುತಿಸುವ ಕಡೆಯ ದೃಶ್ಯವನ್ನು ಕಂಡು, ಅಕ್ಷರವನ್ನರಿಯದ ನನ್ನ ತಾಯಿ ಕಣ್ಣೊರಸಿಕೊಂಡರು.

1977ರ ಕ್ರಿಸ್‌ಮಸ್ ದಿನ ಸ್ವಿಟ್ಜರ್ಲೆಂಡಿನಲ್ಲಿ ಈತನು ಕಣ್ಮುಚ್ಚಿದನು. ನಮ್ಮ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನಾನು, ಓದದವರ ಹೃದಯವನ್ನೂ ಮುಟ್ಟುವ ವಿದ್ಯೆಯನ್ನು ಈತನಿಂದ ಕಲಿಯಬೇಕಾಗಿದೆ.