ಎಲ್ಲ ಸೊಳ್ಳೆಯೂ ಮಲೇರಿಯಾ ತರುತ್ತದೆಯೇ? ರೊನಾಲ್ಡ್ ರಾಸ್ ಎರಡು ವರ್ಷ ಹುಡುಕಿದ ಉತ್ತರ

ಸೊಳ್ಳೆ ಕಚ್ಚಿದರೆ ಮಲೇರಿಯಾ ಬರುತ್ತದೆ ಎಂದು ನಾವೆಲ್ಲ ಶಾಲೆಯಲ್ಲೇ ಕಲಿತಿದ್ದೇವೆ. ಇದು ಅರ್ಧ ಸತ್ಯ. ಎಲ್ಲ ಸೊಳ್ಳೆಗಳೂ ಮಲೇರಿಯಾ ಹರಡುವುದಿಲ್ಲ. ಇದನ್ನು ಕಂಡುಕೊಳ್ಳುವ ಹಾದಿಯಲ್ಲಿ ಒಬ್ಬ ವೈದ್ಯರು ಎರಡು ವರ್ಷ ತಪ್ಪು ಸೊಳ್ಳೆಗಳ ಹಿಂದೆ ಬಿದ್ದಿದ್ದರು.

ಅವರು ರೊನಾಲ್ಡ್ ರಾಸ್. ಹುಟ್ಟಿದ್ದು 1857ರಲ್ಲಿ, ಅಲ್ಮೋರಾದಲ್ಲಿ. 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು. 1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ವೈದ್ಯರಾಗಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆ ಕಾಟ ವಿಪರೀತ. ಹೊರಗಿದ್ದ ಪೀಪಾಯಿಯ ನೀರಿನಲ್ಲಿ ಮರಿಹುಳುಗಳಿದ್ದದ್ದು ಕಂಡಿತು. ನೀರು ಚೆಲ್ಲಿದ ಮೇಲೆ ಕಾಟ ಇಳಿಯಿತು.

ಆಗ ಮಲೇರಿಯಾಕ್ಕೆ ಜೌಗು ಜಾಗದ ಕೆಟ್ಟ ಗಾಳಿ ಕಾರಣ ಎಂದು ಬಹಳ ಜನ ನಂಬಿದ್ದರು. ಆ ಹೆಸರಿನ ಅರ್ಥವೇ ಕೆಟ್ಟ ಗಾಳಿ. 1894ರಲ್ಲಿ ಲಂಡನ್‌ನಲ್ಲಿ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಅವರು ರಾಸ್‌ಗೆ ರೋಗಿಯ ರಕ್ತದಲ್ಲಿದ್ದ ಮಲೇರಿಯಾ ಪರಾವಲಂಬಿಯನ್ನು ತೋರಿಸಿ, ಸೊಳ್ಳೆಯ ಮೇಲೆ ತಮಗಿದ್ದ ಅನುಮಾನ ಹೇಳಿದರು.

ಮರುವರ್ಷ ಸಿಕಂದರಾಬಾದಿಗೆ ಬಂದ ರಾಸ್, ರೋಗಿಗಳನ್ನು ಸೊಳ್ಳೆಗಳಿಂದ ಕಚ್ಚಿಸಿ, ಆ ಸೊಳ್ಳೆಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ಹುಡುಕಿದರು. ಏನೂ ಸಿಗಲಿಲ್ಲ. ಕಾರಣ, ಅವರ ಕೈಗೆ ಹೆಚ್ಚಾಗಿ ಸಿಗುತ್ತಿದ್ದವು ನಾವು ಇಂದು ಕ್ಯೂಲೆಕ್ಸ್, ಈಡಿಸ್ ಎನ್ನುವ ಜಾತಿಯವು. ಮನುಷ್ಯರ ಮಲೇರಿಯಾ ಪರಾವಲಂಬಿ ಇವುಗಳಲ್ಲಿ ಬೆಳೆಯುವುದಿಲ್ಲ. ರಾಸ್ ಕೀಟತಜ್ಞರಲ್ಲ, ಸೊಳ್ಳೆಗಳ ವೈಜ್ಞಾನಿಕ ಹೆಸರು ಅವರಿಗೆ ತಿಳಿದಿರಲಿಲ್ಲ. ಬಣ್ಣ, ಪಟ್ಟೆ, ರೆಕ್ಕೆ ನೋಡಿ ತಾವೇ ಗುಂಪು ಮಾಡಿಕೊಂಡರು.

1897ರ ಆಗಸ್ಟ್‌ನಲ್ಲಿ ಸಹಾಯಕರು ತಂದ ಮರಿಹುಳುಗಳಿಂದ ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಬೇರೆ ಸೊಳ್ಳೆಗಳು ಹೊರಬಂದವು. ಅವನ್ನು ಹುಸೇನ್ ಖಾನ್ ಎಂಬ ರೋಗಿಗೆ ಕಚ್ಚಿಸಿದರು. ಕಚ್ಚಿಸಿಕೊಂಡದ್ದಕ್ಕೆ ಸೊಳ್ಳೆಗೆ ಒಂದಾಣೆ ಕೂಲಿ. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ, ಪರಾವಲಂಬಿಯಲ್ಲಿರುವಂಥದ್ದೇ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ಕಂಡವು. ಅದು ಅನಾಫಿಲಿಸ್. ಆಗಸ್ಟ್ 20 ಈಗ ವಿಶ್ವ ಸೊಳ್ಳೆ ದಿನ.

1898ರಲ್ಲಿ ಕಲ್ಕತ್ತಾದಲ್ಲಿ ರಾಸ್ ಹಕ್ಕಿಗಳ ಮಲೇರಿಯಾ ಸೊಳ್ಳೆಯ ಜೊಲ್ಲಿನ ಗ್ರಂಥಿಯ ಮೂಲಕ ಹರಡುವುದನ್ನು ತೋರಿಸಿದರು. ಅದೇ ವರ್ಷ ಇಟಲಿಯ ಪ್ರಾಣಿವಿಜ್ಞಾನಿ ಜಿಯೊವಾನ್ನಿ ಬತಿಸ್ತಾ ಗ್ರಾಸಿ ಮತ್ತು ಸಂಗಡಿಗರು, ಮನುಷ್ಯರಿಗೆ ಮಲೇರಿಯಾ ದಾಟಿಸುವುದು ಅನಾಫಿಲಿಸ್ ಎಂದು ಹೆಸರು ಹಿಡಿದೇ ಸಾಬೀತು ಮಾಡಿದರು. ಕೀರ್ತಿ ಯಾರಿಗೆ ಎಂದು ಇಬ್ಬರ ನಡುವೆ ಕಹಿ ಜಗಳವೇ ನಡೆಯಿತು. 1902ರ ನೊಬೆಲ್ ರಾಸ್ ಒಬ್ಬರಿಗೇ ಬಂತು. ಅವರು 1932ರಲ್ಲಿ ತೀರಿಕೊಂಡರು.

ನಮಗೇಕೆ ಈ ಕತೆ? ಮಲೇರಿಯಾ ಹರಡುವ ಅನಾಫಿಲಿಸ್ ಹಿಂಭಾಗ ಮೇಲೆತ್ತಿ ಕೂರುತ್ತದೆ, ಹೆಚ್ಚಾಗಿ ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ಡೆಂಗಿ ಹರಡುವ ಈಡಿಸ್‌ನ ಕಪ್ಪು ಕಾಲಿನಲ್ಲಿ ಬಿಳಿ ಪಟ್ಟೆ, ಅದು ಕಚ್ಚುವುದು ಹೆಚ್ಚಾಗಿ ಹಗಲು. ಹಾಗಾಗಿ ರಾತ್ರಿ ಪರದೆ ಕಟ್ಟಿದರೆ ಡೆಂಗಿಯ ಭಯವಿಲ್ಲ ಎಂಬ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ಪರದೆಯೂ ಇರಲಿ, ಮನೆ ಸುತ್ತ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲುವುದೂ ಇರಲಿ.